ಗುಜರಿಯಿಂದ ಎದ್ದ ಸಲಗ

ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ನಿಗೆ ‘ಟಸ್ಕರ್ಸ್’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಲಗಗಳು. ‘ಶಕ್ತಿ ವಿಜಯತೇ’ ಎಂಬುದು ಅದರ ಧ್ಯೇಯವಾಕ್ಯ. 1948ರ ನವೆಂಬರ್ 2ರಂದು ಕಾನ್ಪುರದಲ್ಲಿ ಹುಟ್ಟಿದ ಈ ದಳ ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ದಳ. ಹೆಸರಿಗೆ ತಕ್ಕಂತೆ ಅದಕ್ಕೆ ದೊರೆತ ವಿಮಾನಗಳೂ ಆನೆಗಾತ್ರದವೇ. ಆದರೆ ಅವನ್ನು ಭಾರತ ಯಾವ ದೇಶದಿಂದಲೂ ಕೊಂಡು ತಂದಿರಲಿಲ್ಲ. ಮತ್ತೆಂದೂ ಹಾರಬಾರದೆಂದು ಬ್ರಿಟಿಷರು ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದ ವಿಮಾನಗಳು ಅವು. ಅವಕ್ಕೆ ಮತ್ತೆ ಜೀವ ತುಂಬಿದ್ದು ನಮ್ಮ ಬೆಂಗಳೂರಿನ ಕಾರ್ಖಾನೆ.

ಸೇನೆಯ ದಳವೊಂದರ ಚರಿತ್ರೆಯೆಂದರೆ ಸಾಮಾನ್ಯವಾಗಿ ಯುದ್ಧಗಳ ಪಟ್ಟಿ, ಪದಕಗಳ ಪಟ್ಟಿ. ಐದನೆಯ ಸ್ಕ್ವಾಡ್ರನ್ನಿನ ಚರಿತ್ರೆಯಲ್ಲಿ ಅವೂ ಇವೆ. ಜೊತೆಗೆ ಇನ್ನೊಂದು ಎಳೆಯಿದೆ. ತನ್ನದೇ ಆದ ಬಾಂಬರ್ ವಿಮಾನವನ್ನು ಎಂದೂ ನಿರ್ಮಿಸದ ದೇಶವೊಂದು, ಬೇರೆಯವರ ಯಂತ್ರಗಳನ್ನು ಪಡೆದು, ರಿಪೇರಿ ಮಾಡಿ, ಅವರೇ ಕೈಬಿಟ್ಟ ಮೇಲೂ ದಶಕಗಟ್ಟಲೆ ಹಾರಿಸಿದ ಕತೆ ಅದು. ಇದರಲ್ಲಿ ಹೆಮ್ಮೆಪಡಬೇಕಾದದ್ದೂ ಇದೆ, ಯೋಚಿಸಬೇಕಾದದ್ದೂ ಇದೆ.

ಬಾಂಬರ್ ಏಕೆ ಬೇಕಾಯಿತು?

ಯುದ್ಧವಿಮಾನಗಳಲ್ಲಿ ಫೈಟರ್ ಮತ್ತು ಬಾಂಬರ್ ಎಂಬ ಎರಡು ಜಾತಿಗಳನ್ನು ಎಲ್ಲರೂ ಬಲ್ಲರು. ಶತ್ರುವಿನ ವಿಮಾನವನ್ನು ಆಕಾಶದಲ್ಲೇ ಎದುರಿಸುವುದು ಫೈಟರ್‌ನ ಮುಖ್ಯ ಕೆಲಸ. ಶತ್ರುವಿನ ನೆಲದೊಳಕ್ಕೆ ದೂರ ಹೋಗಿ ವಿಮಾನನೆಲೆ, ಸೇತುವೆ, ಎಣ್ಣೆಯ ದಾಸ್ತಾನು, ಮದ್ದುಗುಂಡಿನ ಉಗ್ರಾಣಗಳನ್ನು ನಾಶಮಾಡಿ ಬರುವುದು ಬಾಂಬರ್‌ನ ಕೆಲಸ. ಅದಕ್ಕೆ ಹೆಚ್ಚು ಇಂಧನ, ಹೆಚ್ಚು ಭಾರ ಹೊರುವ ಶಕ್ತಿ, ಕತ್ತಲಲ್ಲೂ ದಾರಿ ತಪ್ಪದ ನ್ಯಾವಿಗೇಟರ್ ಬೇಕು.

1947ರಲ್ಲಿ ದೇಶ ಇಬ್ಭಾಗವಾದಾಗ ವಾಯುಪಡೆಯೂ ಇಬ್ಭಾಗವಾಯಿತು. ಭಾರತದ ಪಾಲಿಗೆ ಭಾರಿ ಬಾಂಬರ್ ಒಂದೂ ಇರಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲೇ ಕಾಶ್ಮೀರದ ಯುದ್ಧ ಬಂದೆರಗಿತು. ಆಗ ವಾಯುಪಡೆಯವರು ಸರಕು ಸಾಗಿಸುವ ಡಕೋಟಾ ವಿಮಾನಗಳನ್ನೇ ಬಾಂಬರ್‌ನಂತೆ ಬಳಸಿದರು. ಬಾಗಿಲ ಬಳಿ ನಿಂತ ಸಿಬ್ಬಂದಿ ಬಾಂಬುಗಳನ್ನು ಕೈಯಿಂದಲೇ ಹೊರಕ್ಕೆ ಉರುಳಿಸುತ್ತಿದ್ದರು. ಇಂಥ ಸಾಹಸಗಳಿಗೆ ಹೆಸರಾದವರು ಏರ್ ಕಮಡೋರ್ ಮೆಹರ್ ಸಿಂಗ್. 1948ರ ಮೇ ತಿಂಗಳಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೇಹ್‌ನ ಮರಳುನೆಲದ ಮೇಲೆ ಡಕೋಟಾ ಇಳಿಸಿದವರೂ ಅವರೇ. ಸಾಹಸವೇನೋ ದೊಡ್ಡದು. ಆದರೆ ಬಾಗಿಲಿನಿಂದ ಬಾಂಬು ತಳ್ಳಿ ದೇಶದ ರಕ್ಷಣೆ ಬಹುಕಾಲ ನಡೆಯದು. ಬಾಂಬರ್ ಬೇಕೇ ಬೇಕಾಯಿತು. ಕೊಳ್ಳಲು ಹೊಸ ರಾಷ್ಟ್ರದ ಬಳಿ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ.

ಕಾನ್ಪುರದ ರಾಶಿ

ಆಗ ಕಣ್ಣಿಗೆ ಬಿದ್ದದ್ದು ಕಾನ್ಪುರದ ಚಕೇರಿ ವಿಮಾನನೆಲೆಯಲ್ಲಿ ಬಿಸಿಲು ಮಳೆಗೆ ಬಿದ್ದಿದ್ದ ಲಿಬರೇಟರ್ ವಿಮಾನಗಳ ಸಾಲು. ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಬಿ-24 ಲಿಬರೇಟರ್ ಎರಡನೆಯ ಮಹಾಯುದ್ಧದ ಅತಿ ಹೆಚ್ಚು ಸಂಖ್ಯೆಯ ಭಾರಿ ಬಾಂಬರ್. 18,000ಕ್ಕೂ ಮೀರಿ ತಯಾರಾಗಿದ್ದವು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ನಾಲ್ಕು ಎಂಜಿನ್, ಎಂಟರಿಂದ ಹತ್ತು ಮಂದಿಯ ಸಿಬ್ಬಂದಿ. ಬ್ರಿಟನ್ನಿನ ವಾಯುಪಡೆ ಇವುಗಳನ್ನು ಭಾರತದ ಪೂರ್ವ ಭಾಗದ ನೆಲೆಗಳಿಂದ ಹಾರಿಸಿ, ಜಪಾನೀಯರ ಕೈಯಲ್ಲಿದ್ದ ಬರ್ಮಾದ ಮೇಲೆ ದಾಳಿ ಮಾಡುತ್ತಿತ್ತು.

ಯುದ್ಧ ಮುಗಿದಾಗ ಇವು ಬ್ರಿಟನ್ನಿಗೆ ಬೇಡವಾದವು. ಅಮೆರಿಕವು ‘ಲೆಂಡ್-ಲೀಸ್’ ಎಂಬ ಏರ್ಪಾಟಿನಡಿ ಕಡವಾಗಿ ಕೊಟ್ಟ ವಿಮಾನಗಳಿವು. ಯುದ್ಧದ ನಂತರ ಹಿಂದಿರುಗಿಸಬೇಕು, ಬೆಲೆ ತೆರಬೇಕು, ಇಲ್ಲವೇ ಬಳಕೆಗೆ ಬಾರದಂತೆ ಮಾಡಬೇಕು. ಯುದ್ಧದಿಂದ ಬರಿಗೈಯಾಗಿದ್ದ ಬ್ರಿಟನ್ ಮೂರನೆಯ ದಾರಿ ಹಿಡಿಯಿತು. ಉಪಕರಣಗಳನ್ನು ಜಜ್ಜಿದರು. ಮೈಹೊದಿಕೆಗೆ ತೂತು ಕೊರೆದರು. ಎಂಜಿನ್ನಿನ ಎಣ್ಣೆ ಬಸಿದು ಅದರ ಜಾಗಕ್ಕೆ ಮರಳು ಸುರಿದರು. ಕೆಲವನ್ನು ಯಂತ್ರಗಳಿಂದ ಎತ್ತಿ ನೆಲಕ್ಕೆ ಕೆಡವಿದರು. ಮತ್ತೆ ಯಾರೂ ಹಾರಿಸಲಾರರೆಂದು ಅಲ್ಲೇ ಬಿಟ್ಟು ಹೊರಟುಹೋದರು.

ಈ ರಾಶಿಯಲ್ಲಿ ಪ್ರಯೋಜನಕ್ಕೆ ಬರುವಂಥದ್ದು ಏನಾದರೂ ಇದೆಯೇ ನೋಡಿ ಎಂದು ಸರ್ಕಾರ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎಚ್‌ಎಎಲ್‌ ಅನ್ನು, ಕೇಳಿತು. ಎಚ್‌ಎಎಲ್‌ನ ತಂಡ ಕಾನ್ಪುರಕ್ಕೆ ಹೋಯಿತು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಚಕ್ರ ಹೀಗೆ ಆಯ್ದು ಜೋಡಿಸುತ್ತ, ಬೆಂಗಳೂರಿನವರೆಗೆ ಹೇಗೋ ಹಾರಿ ತಲುಪುವಷ್ಟರ ಮಟ್ಟಿಗೆ ಒಂದೊಂದು ವಿಮಾನವನ್ನೂ ಸಿದ್ಧಮಾಡಿತು. ಪೂರ್ತಿ ರಿಪೇರಿ ಬೆಂಗಳೂರಿನಲ್ಲಿ.

ಕಾನ್ಪುರದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 1500 ಕಿಲೋಮೀಟರ್. ಈ ಅರೆಜೀವದ ವಿಮಾನಗಳನ್ನು ತರುವ ಹೊಣೆ ಹೊತ್ತವರು ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ. ಅವರು ಅದುವರೆಗೆ ಲಿಬರೇಟರ್ ಹಾರಿಸಿದವರೇ ಅಲ್ಲ. ಕಲಿಸುವವರೂ ಇರಲಿಲ್ಲ. ಪುಸ್ತಕ ನೋಡಿಕೊಂಡು ಕಲಿತರು. ಒಂದಾದ ಮೇಲೊಂದರಂತೆ 40ಕ್ಕೂ ಹೆಚ್ಚು ವಿಮಾನಗಳು ಹೀಗೆ ಬೆಂಗಳೂರು ಸೇರಿದವು.

ಬೆಂಗಳೂರಿನ ಕೈಗಳು

ಇದು ಬೆಂಗಳೂರಿಗೆ ಹೇಗೆ ಸಾಧ್ಯವಾಯಿತು? ಎಂಟು ವರ್ಷದ ಹಿಂದೆ ಇಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. ಸರ್ ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ಸಂಸ್ಥಾನ ಜಮೀನನ್ನೂ ಕೊಟ್ಟಿತು, ಬಂಡವಾಳವನ್ನೂ ಹಾಕಿತು. ಜಪಾನಿನ ಭಯ ಹೆಚ್ಚಿದಾಗ ಭಾರತ ಸರ್ಕಾರ ಸಂಸ್ಥೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದರ ಆಡಳಿತವನ್ನು ಅಮೆರಿಕದ ಸೇನೆಗೆ ವಹಿಸಲಾಯಿತು. ಪೂರ್ವದ ರಣರಂಗದಲ್ಲಿ ಹಾರುತ್ತಿದ್ದ ಅಮೆರಿಕನ್ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಗಿ ಬೆಂಗಳೂರು ಬೆಳೆಯಿತು. ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲೀನಾ ವಿಮಾನಗಳು ರಿಪೇರಿಗಾಗಿ ಬೆಳ್ಳಂದೂರು ಕೆರೆಯ ಮೇಲೆ ಬಂದಿಳಿಯುತ್ತಿದ್ದ ಕಾಲ ಅದು.

ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು. ಡಕೋಟಾ, ಕ್ಯಾಟಲೀನಾ, ಲಿಬರೇಟರ್ ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ವಿಮಾನಗಳು. ಮೊದಲನೆಯದು ಸರಕಿನದು, ಎರಡನೆಯದು ನೀರಿನದು, ಮೂರನೆಯದು ಬಾಂಬಿನದು. ಆದರೆ ಮೂರಕ್ಕೂ ಇದ್ದದ್ದು ಒಂದೇ ಮನೆತನದ ಎಂಜಿನ್. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’, ಹದಿನಾಲ್ಕು ಸಿಲಿಂಡರ್‌ನದು, ಸುಮಾರು 1200 ಅಶ್ವಶಕ್ತಿಯದು. ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದು ಎಚ್‌ಎಎಲ್‌ನ ಕೆಲಸಗಾರರಿಗೆ ಆ ವೇಳೆಗೆ ದಿನನಿತ್ಯದ ಕೆಲಸವಾಗಿತ್ತು. ಮರಳು ತುಂಬಿದ ಎಂಜಿನ್ ಬ್ರಿಟಿಷರ ಲೆಕ್ಕದಲ್ಲಿ ಸತ್ತದ್ದಾಗಿತ್ತು. ನಮ್ಮ ಫಿಟ್ಟರುಗಳ ಕಣ್ಣಿಗೆ ಅದು ಗುರುತಿನ ಯಂತ್ರವೇ.

1948ರ ನವೆಂಬರ್ ಹೊತ್ತಿಗೆ ಮೊದಲ ಆರು ಲಿಬರೇಟರ್‌ಗಳು ಸಿದ್ಧವಾದವು, ಐದನೆಯ ಸ್ಕ್ವಾಡ್ರನ್ ಹುಟ್ಟಿತು. ಕಾಶ್ಮೀರದಲ್ಲಿ 1949ರ ಜನವರಿ 1ರಿಂದ ಕದನವಿರಾಮ. ಯಾವ ಯುದ್ಧಕ್ಕಾಗಿ ಇಷ್ಟೆಲ್ಲ ಪಾಡುಪಟ್ಟರೋ ಆ ಯುದ್ಧ ಮುಗಿದೇ ಹೋಗಿತ್ತು. ಆದರೂ ಶ್ರಮ ವ್ಯರ್ಥವಾಗಲಿಲ್ಲ. ದೂರದ ದಾರಿ ಹಾರುವುದು, ರಾತ್ರಿ ಹಾರುವುದು, ದೊಡ್ಡ ಸಿಬ್ಬಂದಿಯಾಗಿ ಒಟ್ಟಿಗೆ ಕೆಲಸ ಮಾಡುವುದು ಇವೆಲ್ಲವನ್ನೂ ನಮ್ಮ ಪೈಲಟ್‌ಗಳು, ನ್ಯಾವಿಗೇಟರ್‌ಗಳು ಕಲಿತದ್ದು ಈ ಹಳೆಯ ವಿಮಾನಗಳಲ್ಲೇ. ಮುಂದೆ ಸಮುದ್ರ ಕಾಯುವ ಕೆಲಸಕ್ಕೆ ಆರನೆಯ ಸ್ಕ್ವಾಡ್ರನ್ನಿಗೂ ಲಿಬರೇಟರ್‌ಗಳು ಹೋದವು.

ಜೆಟ್ ಬಂತು

1957ರ ಜನವರಿಯಲ್ಲಿ ಭಾರತ ಬ್ರಿಟನ್ನಿನಿಂದ ಕ್ಯಾನ್‌ಬೆರಾ ಎಂಬ ಜೆಟ್ ಬಾಂಬರ್ ಕೊಳ್ಳಲು ಆದೇಶ ಕೊಟ್ಟಿತು: 54 ಬಾಂಬರ್‌ಗಳು, ಛಾಯಾಚಿತ್ರ ತೆಗೆಯುವ 8 ವಿಮಾನಗಳು, ತರಬೇತಿಯ 6. ಅದೇ ವರ್ಷ ಐದನೆಯ ಸ್ಕ್ವಾಡ್ರನ್ ಆಗ್ರಾದಲ್ಲಿ ಕ್ಯಾನ್‌ಬೆರಾ ದಳವಾಯಿತು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಈ ವಿಮಾನ 1949ರಲ್ಲಿ ಮೊದಲು ಹಾರಿದ್ದು. ಲಿಬರೇಟರ್‌ಗೂ ಇದಕ್ಕೂ ಹೋಲಿಸಿದರೆ ಹತ್ತು ವರ್ಷದಲ್ಲಿ ವಿಮಾನವಿದ್ಯೆ ಎಷ್ಟು ದೂರ ಬಂತೆಂದು ತಿಳಿಯುತ್ತದೆ. ಎರಡೂ ಹೊರುತ್ತಿದ್ದ ಬಾಂಬಿನ ತೂಕ ಹೆಚ್ಚುಕಡಿಮೆ ಒಂದೇ, ಸುಮಾರು ಮೂರೂವರೆ ಟನ್. ಆದರೆ ಅದು ನಾಲ್ಕು ಎಂಜಿನ್, ಹತ್ತು ಜನರಿಂದ ಮಾಡುತ್ತಿದ್ದ ಕೆಲಸವನ್ನು ಇದು ಎರಡು ಎಂಜಿನ್, ಇಬ್ಬರು ಮನುಷ್ಯರಿಂದ, ಎರಡರಷ್ಟು ವೇಗದಲ್ಲಿ ಮಾಡುತ್ತಿತ್ತು.

ಆ ಇಬ್ಬರ ಸ್ಥಿತಿ ಮಾತ್ರ ಸಮಾನವಾಗಿರಲಿಲ್ಲ. ಭಾರತ ಕೊಂಡ ಬಾಂಬರ್ ಮಾದರಿಯಲ್ಲಿ ಪೈಲಟ್ ಮೇಲೆ ಗಾಜಿನ ಗೂಡಿನೊಳಗೆ ಕೂರುತ್ತಿದ್ದ. ವಿಮಾನಕ್ಕೆ ಅಪಾಯವಾದರೆ ಅವನನ್ನು ಹೊರಕ್ಕೆ ಚಿಮ್ಮಿಸುವ ಆಸನವಿತ್ತು. ನ್ಯಾವಿಗೇಟರ್ ವಿಮಾನದ ಮೂತಿಯೊಳಗೆ. ಅವನಿಗೆ ಅಂಥ ಆಸನವಿರಲಿಲ್ಲ. ಅವನು ಪಕ್ಕದ ಬಾಗಿಲು ತೆರೆದು ಹಾರಬೇಕಿತ್ತು. ಕೆಳಮಟ್ಟದಲ್ಲಿ ಪೆಟ್ಟು ಬಿದ್ದರೆ ಅದಕ್ಕೆ ಸಮಯವೇ ಇರುವುದಿಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ನಮ್ಮ ಕ್ಯಾನ್‌ಬೆರಾ ಒಂದನ್ನು ಕತ್ತಲಲ್ಲಿ ಹೊಡೆದುರುಳಿಸಿದಾಗ ಪೈಲಟ್ ಹೊರಚಿಮ್ಮಿ ಸೆರೆಯಾದರು. ನ್ಯಾವಿಗೇಟರ್ ಬದುಕಿ ಬರಲಿಲ್ಲ.

ಕಾಂಗೋದ ಆಕಾಶದಲ್ಲಿ

ಐದನೆಯ ಸ್ಕ್ವಾಡ್ರನ್ ಮೊದಲು ಕಾದಾಡಿದ್ದು ಭಾರತದ ಗಡಿಯಲ್ಲಲ್ಲ, ಆಫ್ರಿಕದಲ್ಲಿ. 1960ರ ಜೂನ್ 30ರಂದು ಬೆಲ್ಜಿಯಂನಿಂದ ಬಿಡುಗಡೆ ಪಡೆದ ಕಾಂಗೋದಲ್ಲಿ ಹನ್ನೊಂದೇ ದಿನಕ್ಕೆ ಕಟಾಂಗಾ ಪ್ರಾಂತ್ಯ ತಾನು ಪ್ರತ್ಯೇಕವೆಂದು ಘೋಷಿಸಿಕೊಂಡಿತು. ತಾಮ್ರ, ಕೋಬಾಲ್ಟ್ ಗಣಿಗಳೆಲ್ಲ ಇದ್ದದ್ದು ಅಲ್ಲೇ. ಗಣಿ ಕಂಪನಿಯ ಹಣ, ಬಾಡಿಗೆ ಸೈನಿಕರ ಬಲ ಕಟಾಂಗಾದ ಬೆನ್ನಿಗಿತ್ತು. ದೇಶ ಒಡೆಯದಂತೆ ತಡೆಯಲು ಹೋದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಒಂದು ಬ್ರಿಗೇಡ್ ಇತ್ತು. 1961ರ ಸೆಪ್ಟೆಂಬರ್‌ನಲ್ಲಿ ಕಟಾಂಗಾದ ಫೂಗಾ ಎಂಬ ಪುಟ್ಟ ಜೆಟ್ ಈ ಪಡೆಯನ್ನು ಆಕಾಶದಿಂದ ಕಾಡತೊಡಗಿತು. ಎದುರಿಸಲು ವಿಶ್ವಸಂಸ್ಥೆಯ ಬಳಿ ಒಂದು ಯುದ್ಧವಿಮಾನವೂ ಇರಲಿಲ್ಲ. ಅದೇ ತಿಂಗಳು ಸಂಧಾನಕ್ಕೆಂದು ಹೊರಟ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಎನ್ಡೋಲಾ ಬಳಿ ವಿಮಾನ ಉರುಳಿ ತೀರಿಕೊಂಡರು.

ವಿಶ್ವಸಂಸ್ಥೆ ಆಗ ವಿಮಾನಗಳಿಗಾಗಿ ಕೇಳಿತು. ಸ್ವೀಡನ್ ಮತ್ತು ಇಥಿಯೋಪಿಯಾ ಫೈಟರ್‌ಗಳನ್ನು ಕೊಟ್ಟವು. ಭಾರತ ಐದನೆಯ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾಗಳನ್ನು ಕಳಿಸಿತು. ವಿಂಗ್ ಕಮಾಂಡರ್ ಎ.ಐ.ಕೆ. ಸುಆರೆಸ್ ಅವರ ನೇತೃತ್ವದಲ್ಲಿ ಅವು ಆಗ್ರಾದಿಂದ ಲಿಯೋಪೋಲ್ಡ್‌ವಿಲ್‌ಗೆ (ಇಂದಿನ ಕಿನ್ಶಾಸಾ) ಹಾರಿದವು. ಅಲ್ಲಿಂದ ಕಟಾಂಗಾಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಕೆಳಗೆ ಕಾಡು, ಮೇಲೆ ಮಳೆಗಾಲದ ಮೋಡ. ಡಿಸೆಂಬರ್ 5ರಂದು ಕ್ಯಾನ್‌ಬೆರಾಗಳು ಕೋಲ್ವೇಜಿ ವಿಮಾನನೆಲೆಯ ಮೇಲೆ ಎರಗಿ, ಅಲ್ಲಿ ನಿಂತಿದ್ದ ಕಟಾಂಗಾದ ವಿಮಾನಗಳನ್ನು ನಾಶಮಾಡಿದವು. ಅದೇ ದಿನ ನೆಲದ ಮೇಲೆ ಎಲಿಜಬೆತ್‌ವಿಲ್‌ನಲ್ಲಿ ಹೋರಾಡಿ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು.

ಬಾಂಬರ್ ದಳವೊಂದು ಶಾಂತಿಪಾಲನೆಗೆ ಹೋದದ್ದು ಕೇಳಲು ವಿಚಿತ್ರ. ಆದರೆ ಶಾಂತಿ ಕಾಯಲು ಹೋದವರ ತಲೆಯ ಮೇಲೆ ಒಂದೇ ಒಂದು ಶತ್ರುವಿಮಾನ ಹಾರಿದರೂ ಇಡೀ ಕಾರ್ಯ ಹೇಗೆ ಕುಸಿಯಬಹುದೆಂದು ಕಾಂಗೋ ತೋರಿಸಿಕೊಟ್ಟಿತು.

ಇದ್ದೂ ಬಳಸದ ಅಸ್ತ್ರ

1962ರ ಅಕ್ಟೋಬರ್‌ನಲ್ಲಿ ಚೀನಾದೊಡನೆ ಯುದ್ಧ ಬಂದಾಗ ಭಾರತ ಕ್ಯಾನ್‌ಬೆರಾಗಳನ್ನು ಕಾಂಗೋದಿಂದ ವಾಪಸು ಕರೆಸಿಕೊಂಡಿತು. ಕರೆಸಿಕೊಂಡರೂ ಅವುಗಳನ್ನು ಬಾಂಬಿನ ದಾಳಿಗೆ ಕಳಿಸಲಿಲ್ಲ. ವಾಯುಪಡೆ ಸರಕು ಸಾಗಿಸಿತು, ಗಾಯಾಳುಗಳನ್ನು ತಂದಿತು, ಗಡಿಯ ಚಿತ್ರ ತೆಗೆಯಿತು. ಚೀನಾ ತಿರುಗಿ ಕಲ್ಕತ್ತೆಯಂಥ ನಗರಗಳ ಮೇಲೆ ಬಾಂಬು ಹಾಕಿದರೆ ಎಂಬ ಭಯ ದೆಹಲಿಯನ್ನು ಕಟ್ಟಿಹಾಕಿತ್ತು. ಬಳಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇ ಎಂಬುದು ಇಂದಿಗೂ ಮುಗಿಯದ ಚರ್ಚೆ. ಕಾಂಗೋದಲ್ಲಿ ಪರರಿಗಾಗಿ ಕಾದ ದಳ ತನ್ನ ದೇಶದ ಸೈನಿಕರು ಹಿಮದಲ್ಲಿ ಸಾಯುತ್ತಿದ್ದಾಗ ಸುಮ್ಮನೆ ಕಾಯಬೇಕಾಯಿತೆಂಬುದಂತೂ ನಿಜ.

1965ರಲ್ಲಿ ಅಂಥ ಹಿಂಜರಿಕೆ ಇರಲಿಲ್ಲ. ವಿಚಿತ್ರವೆಂದರೆ ಆಗ ಎರಡೂ ಕಡೆ ಹಾರಿದ್ದು ಒಂದೇ ವಂಶದ ಬಾಂಬರ್. ಪಾಕಿಸ್ತಾನದ ಬಿ-57 ಎಂದರೆ ಅಮೆರಿಕದ ಮಾರ್ಟಿನ್ ಕಂಪನಿ ಪರವಾನಗಿ ಪಡೆದು ಕಟ್ಟಿದ ಕ್ಯಾನ್‌ಬೆರಾವೇ. ದಾಯಾದಿ ಕಲಹದಲ್ಲಿ ವಿಮಾನಗಳೂ ದಾಯಾದಿಗಳಾದವು. ಈ ಬಿ-57ಗಳು ಪೇಷಾವರದಲ್ಲಿ, ಭಾರತದ ಕೈಗೆ ಎಟುಕದಷ್ಟು ದೂರದಲ್ಲಿ ನಿಲ್ಲುತ್ತಿದ್ದವು. ಆಗ್ರಾದಿಂದ ಪೇಷಾವರಕ್ಕೆ ನೇರ ದೂರವೇ ಸಾವಿರ ಕಿಲೋಮೀಟರಿಗೆ ಹತ್ತಿರ. ಸೆಪ್ಟೆಂಬರ್ 13ರ ರಾತ್ರಿ ಕ್ಯಾನ್‌ಬೆರಾಗಳು ಅಲ್ಲಿಗೂ ಹೋದವು. ಮುಂದೆ ಹೋಗಿ ಕತ್ತಲಲ್ಲಿ ಗುರಿ ತೋರಿಸಿಕೊಟ್ಟವರು ಐದನೆಯ ಸ್ಕ್ವಾಡ್ರನ್ನಿನ ವಿಂಗ್ ಕಮಾಂಡರ್ ಪ್ರೇಮ್ ಪಾಲ್ ಸಿಂಗ್. ಸಾಲಾಗಿ ನಿಂತಿದ್ದ ಬಿ-57ಗಳ ಹತ್ತಿರವೇ 4000 ಪೌಂಡಿನ ಬಾಂಬೊಂದು ಬಿತ್ತು. ಕೂದಲೆಳೆಯಲ್ಲಿ ಗುರಿ ತಪ್ಪಿತು. ಪ್ರೇಮ್ ಪಾಲ್ ಸಿಂಗ್ ಅವರಿಗೆ ಮಹಾವೀರ ಚಕ್ರ ದೊರೆಯಿತು.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮೊದಲು ಹೊಡೆದ ವಿಮಾನನೆಲೆಗಳಲ್ಲಿ ಆಗ್ರಾವೂ ಒಂದು. ಬೆಳದಿಂಗಳಲ್ಲಿ ಹೊಳೆದು ದಾರಿ ತೋರಿಸೀತೆಂದು ಆ ಯುದ್ಧಕಾಲದಲ್ಲಿ ತಾಜಮಹಲಿಗೆ ಮುಸುಕು ಹಾಕಿದ್ದರು. ಅದೇ ರಾತ್ರಿ ಕ್ಯಾನ್‌ಬೆರಾಗಳು ಪಾಕಿಸ್ತಾನದ ವಿಮಾನನೆಲೆಗಳತ್ತ ಹೊರಟವು. ಜೊತೆಗೆ, ಸರಕು ಸಾಗಿಸುವ ಎಎನ್-12 ವಿಮಾನಗಳು ಬಾಂಬು ತುಂಬಿಕೊಂಡು ಚಾಂಗಾ ಮಾಂಗಾ ಕಾಡಿನ ಮದ್ದುಗುಂಡಿನ ದಾಸ್ತಾನಿನ ಮೇಲೆ ಸುರಿದು ಬಂದವು. 1947ರ ಡಕೋಟಾ ಪಾಠವನ್ನು ವಾಯುಪಡೆ ಮರೆತಿರಲಿಲ್ಲ.

ಮತ್ತೆ ಅದೇ ಪ್ರಶ್ನೆ

1981ರಲ್ಲಿ ಐದನೆಯ ಸ್ಕ್ವಾಡ್ರನ್ ಅಂಬಾಲಾದಲ್ಲಿ ಜಾಗ್ವಾರ್ ವಿಮಾನಗಳಿಗೆ ಬದಲಾಯಿತು. ಕ್ಷಿಪಣಿ ಮತ್ತು ರೇಡಾರ್‌ಗಳ ಕಾಲದಲ್ಲಿ ಎತ್ತರದಲ್ಲಿ ಹಾರುವ ದೊಡ್ಡ ಬಾಂಬರ್‌ಗಿಂತ ನೆಲಕ್ಕೆ ಒತ್ತಿ ವೇಗವಾಗಿ ನುಗ್ಗುವ ಸಣ್ಣ ವಿಮಾನವೇ ಮೇಲೆಂದು ಎಲ್ಲ ದೇಶಗಳೂ ಕಂಡುಕೊಂಡಿದ್ದವು. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ರೂಪಿಸಿದ ಜಾಗ್ವಾರ್‌ನ್ನು ಎಚ್‌ಎಎಲ್ ಬೆಂಗಳೂರಿನಲ್ಲೇ ಕಟ್ಟತೊಡಗಿತು. ಉಳಿದ ದಳಗಳ ಕ್ಯಾನ್‌ಬೆರಾಗಳು ಅರ್ಧ ಶತಮಾನದ ಸೇವೆಯ ನಂತರ 2007ರ ಮೇ 11ರಂದು ಆಗ್ರಾದಲ್ಲಿ ನಿವೃತ್ತವಾದವು.

ಇಲ್ಲಿ ಕತೆ ಮೊದಲಿನ ಜಾಗಕ್ಕೇ ಬರುತ್ತದೆ. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಜಾಗ್ವಾರ್‌ಗಳನ್ನು ಕೈಬಿಟ್ಟವು. ಭಾರತ ಮಾತ್ರ ಹಾರಿಸುತ್ತ ಬಂತು. ತಯಾರಿಸಿದವರೇ ಮರೆತ ವಿಮಾನಕ್ಕೆ ಬಿಡಿಭಾಗ ಎಲ್ಲಿಂದ ತರುವುದು? 2018ರ ಸುಮಾರಿನಲ್ಲಿ ಫ್ರಾನ್ಸ್, ಒಮಾನ್‌ಗಳು ಮೂಲೆಗೆ ಸೇರಿಸಿದ್ದ ಹಳೆಯ ಜಾಗ್ವಾರ್‌ಗಳನ್ನು ಬಿಚ್ಚಿ ಬಳಸಲು ಭಾರತ ಪಡೆದುಕೊಂಡಿತು. ಫ್ರಾನ್ಸ್ ಒಂದೇ 31 ವಿಮಾನಗಳ ಒಡಲನ್ನು ಕೊಟ್ಟಿತು. ಎಪ್ಪತ್ತು ವರ್ಷದ ಹಿಂದೆ ಕಾನ್ಪುರದಲ್ಲಿ ಮಾಡಿದ್ದನ್ನೇ ನಾವು ಮತ್ತೆ ಮಾಡುತ್ತಿದ್ದೇವೆ.

ಇದನ್ನು ಜಾಣತನವೆನ್ನಬೇಕೋ ಬಡತನವೆನ್ನಬೇಕೋ? ಎರಡೂ ನಿಜ. ಕೆಟ್ಟದ್ದನ್ನು ಸರಿಮಾಡುವ ಕೈ ಇರುವುದು ದೊಡ್ಡ ಸಂಪತ್ತು. ಆದರೆ ಆ ಕೈ ಹೊಸದನ್ನು ಕಟ್ಟುವ ಕೈಯಾಗಿ ಬೆಳೆಯಲು ಬೇಕಾದ ತಾಳ್ಮೆ, ಹಣ ನಮ್ಮಲ್ಲಿ ಪ್ರತಿ ಸಲವೂ ಅರ್ಧದಲ್ಲೇ ಮುಗಿಯಿತು. 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ ಮಾರುತ್ ಎಂಬ ನಮ್ಮದೇ ದಾಳಿವಿಮಾನ ತಕ್ಕ ಎಂಜಿನ್ ಸಿಗದೆ ಸೊರಗಿಹೋಯಿತು. ರಿಪೇರಿಯಲ್ಲಿ ಪಳಗಿದ ದೇಶಕ್ಕೆ ಎಂಜಿನ್ ಕಟ್ಟುವ ವಿದ್ಯೆ ಕೈಗೆ ಹತ್ತಲಿಲ್ಲ.

ಲಿಬರೇಟರ್‌ಗಳ ಕತೆಗೆ ಇನ್ನೊಂದು ಕೊನೆಯಿದೆ. ಯುದ್ಧಾನಂತರ ಅಮೆರಿಕ ತನ್ನ ಸಾವಿರಾರು ಲಿಬರೇಟರ್‌ಗಳನ್ನು ಕರಗಿಸಿ ಅಲ್ಯೂಮಿನಿಯಂ ಮಾಡಿತು. 1968ರ ಕೊನೆಗೆ ಭಾರತ ತನ್ನವನ್ನು ನಿವೃತ್ತಿಗೊಳಿಸಿದಾಗ ಜಗತ್ತಿನಲ್ಲಿ ಉಳಿದಿದ್ದ ಲಿಬರೇಟರ್‌ಗಳು ಬೆರಳೆಣಿಕೆಯಷ್ಟು. ಆಗ ಪಶ್ಚಿಮದ ಮ್ಯೂಸಿಯಂಗಳು ಭಾರತದ ಬಾಗಿಲಿಗೆ ಬಂದವು. 1969ರಲ್ಲಿ ಒಂದು ವಿಮಾನ ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂಗೆ ಹಾರಿಹೋಯಿತು. ಕೆನಡಾದ ಆಟವಾದಲ್ಲಿರುವುದೂ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿರುವುದೂ ಭಾರತದಿಂದ ಹೋದವೇ. ಇನ್ನೊಂದು ಅಮೆರಿಕದಲ್ಲಿ ದುರಸ್ತಿಯಾಗಿ 1989ರಲ್ಲಿ ಮತ್ತೆ ಹಾರಿತು. ಒಂದು ನಮ್ಮ ದೆಹಲಿಯ ಪಾಲಂ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.

ಅವುಗಳ ಮುಂದೆ ನಿಲ್ಲುವವರಿಗೆ ಬರ್ಮಾದ ಮೇಲೆ ಹಾರಿದ ಪೈಲಟ್‌ಗಳ ನೆನಪಾಗಬಹುದು. ಆ ಎಂಜಿನ್ನುಗಳಿಂದ ಮರಳು ತೆಗೆದ ಬೆಂಗಳೂರಿನ ಫಿಟ್ಟರುಗಳ ಹೆಸರು ಪದಕಗಳ ಪಟ್ಟಿಯಲ್ಲಿಲ್ಲ. ಅವರು ಆ ಕೆಲಸ ಮಾಡಿರದಿದ್ದರೆ ಐದನೆಯ ಸ್ಕ್ವಾಡ್ರನ್ 1948ರಲ್ಲಿ ಹುಟ್ಟುತ್ತಿರಲಿಲ್ಲ, ಆ ಮ್ಯೂಸಿಯಂಗಳಲ್ಲಿ ಈ ವಿಮಾನಗಳೂ ಇರುತ್ತಿರಲಿಲ್ಲ.